ಒಂದು ಮಹಾಸಂಖ್ಯೆಯ ವೃತ್ತಾಂತ

ರಾಜರಿಗೆ ಚರಿತ್ರೆಯುಂಟು, ರಾಜ್ಯಗಳಿಗೆ ಚರಿತ್ರೆಯುಂಟು. ಒಂದು ಸಂಖ್ಯೆಗೂ ಚರಿತ್ರೆಯುಂಟೆಂದರೆ ಶ್ರೋತೃಗಳು ನಗಬಹುದು. ಆದರೂ ಈ ಸಂಜೆ ನಾನು ಹೇಳಹೊರಟಿರುವುದು ಅಂಥದೊಂದು ಸಂಖ್ಯೆಯ ವೃತ್ತಾಂತವನ್ನೇ.

ಎರಡನ್ನು ಅರುವತ್ತೇಳು ಸಲ ಬರೆದು ಒಂದನ್ನೊಂದರಿಂದ ಗುಣಿಸಿ, ಬಂದ ಗುಣಲಬ್ಧದಿಂದ ಒಂದನ್ನು ಕಳೆಯಿರಿ. ಉಳಿಯುವುದು 14,75,73,95,25,89,67,64,12,927. ಇಪ್ಪತ್ತೊಂದು ಅಂಕಗಳೆಂದು ಹೆದರಬೇಕಾಗಿಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿದ್ದಾರೆ. ಅವರ ಎಣಿಕೆಯಂತೆ ನಮ್ಮ ಸಂಖ್ಯೆಯ ಮೊದಲನೆಯ ಅಂಕವು ನಿಲ್ಲುವುದು ‘ಕ್ಷಿತಿ’ ಎಂಬ ಸ್ಥಾನದಲ್ಲಿ.

ತನ್ನಿಂದಲೂ ಒಂದರಿಂದಲೂ ಹೊರತು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಯೇ ಅವಿಭಾಜ್ಯ. ಎರಡನ್ನು ಮೂರು ಸಲ ಗುಣಿಸಿ ಒಂದನ್ನು ಕಳೆದರೆ 7, ಐದು ಸಲ ಗುಣಿಸಿ ಕಳೆದರೆ 31, ಎರಡೂ ಅವಿಭಾಜ್ಯಗಳು. ಹನ್ನೊಂದು ಸಲ ಗುಣಿಸಿದಾಗ ಬರುವ 2047 ಮಾತ್ರ 23 ಮತ್ತು 89ರ ಗುಣಲಬ್ಧ. ಹಾಗಾದರೆ ಈ ಕುಲದಲ್ಲಿ ಅವಿಭಾಜ್ಯಗಳಾವುವು? ಪ್ಯಾರಿಸಿನ ಮರ್ಸೆನ್ ಎಂಬ ಸಂನ್ಯಾಸಿಗಳು 1644ರಲ್ಲಿ ಒಂದು ಪಟ್ಟಿಯನ್ನು ಪ್ರಕಟಿಸಿ, ಅದರಲ್ಲಿ 67ನ್ನೂ ಸೇರಿಸಿದರು. ಪ್ರಮಾಣವನ್ನು ಕೊಡಲಿಲ್ಲ. ಆದರೂ ಆ ಮಾತು ಇನ್ನೂರ ಮೂವತ್ತೆರಡು ವರ್ಷ ನಿಂತಿತು.

1876ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲೂಕಾ ಅವರು, ಭಾಜಕವನ್ನು ಹುಡುಕದೆಯೇ ಅವಿಭಾಜ್ಯತೆಯನ್ನು ಪರೀಕ್ಷಿಸುವ ಉಪಾಯದಿಂದ, ನಮ್ಮ ಸಂಖ್ಯೆ ಅವಿಭಾಜ್ಯವಲ್ಲವೆಂದು ಸಾಧಿಸಿದರು. ಈಗ ವಿಚಿತ್ರವಾದ ಸ್ಥಿತಿ ಒದಗಿತು. ಈ ಸಂಖ್ಯೆ ಒಡೆಯತಕ್ಕದ್ದೇ ಎಂಬುದು ನಿಶ್ಚಯ. ಒಡೆದರೆ ದೊರೆಯುವ ತುಂಡುಗಳಾವುವೆಂಬುದನ್ನು ಮಾತ್ರ ಯಾರೂ ಕಾಣರು. ಬೀಗ ತೆರೆಯುತ್ತದೆಂದು ತಿಳಿದಿತ್ತು, ಬೀಗದ ಕೈ ಸಿಕ್ಕಿರಲಿಲ್ಲ.

1903ರ ಅಕ್ಟೋಬರಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆ ನ್ಯೂಯಾರ್ಕಿನಲ್ಲಿ ಸೇರಿತು. ಪ್ರೊಫೆಸರ್ ಫ್ರಾಂಕ್ ನೆಲ್ಸನ್ ಕೋಲ್ ಅವರ ಉಪನ್ಯಾಸವಿತ್ತು. ಇ. ಟಿ. ಬೆಲ್ ಅವರು ಬರೆದಿರುವ ಪ್ರಕಾರ, ಕೋಲ್ ಅವರು ಒಂದು ಮಾತನ್ನೂ ಆಡದೆ ಕಪ್ಪು ಹಲಗೆಯ ಬಳಿಗೆ ಹೋಗಿ ನಮ್ಮ ಸಂಖ್ಯೆಯನ್ನು ಲೆಕ್ಕಮಾಡಿ ಬರೆದರು. ಬಳಿಕ ಪಕ್ಕದಲ್ಲಿ 19,37,07,721ನ್ನು 7,61,83,82,57,287ರಿಂದ ಗುಣಿಸಿದರು. ಎರಡು ಉತ್ತರಗಳೂ ಒಂದೇ ಆದುವು. ಅವರು ಮೌನವಾಗಿಯೇ ಹಿಂತಿರುಗಿ ಕುಳಿತರು; ಸಭೆ ಕರತಾಡನ ಮಾಡಿತು. ಎಷ್ಟು ಕಾಲ ಹಿಡಿಯಿತೆಂದು ಬೆಲ್ ಮುಂದೊಮ್ಮೆ ಕೇಳಿದಾಗ, ಮೂರು ವರ್ಷಗಳ ಭಾನುವಾರಗಳು ಎಂದರಂತೆ.

ಒಡೆಯುವುದಕ್ಕೆ ಮೂರು ವರ್ಷ, ಒಪ್ಪ ನೋಡುವುದಕ್ಕೆ ಕೆಲವೇ ನಿಮಿಷ. ಈ ಅಂತರ ಬರಿಯ ಕುತೂಹಲದ ವಿಷಯವಾಗಿ ಉಳಿಯಲಿಲ್ಲ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ವಿದ್ವಾಂಸರು ಇದೇ ತತ್ತ್ವದ ಮೇಲೆ ಗುಪ್ತಲಿಪಿಯೊಂದನ್ನು ಕಟ್ಟಿದರು: ಎರಡು ಮಹಾ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಮರಳಿ ಪಡೆಯುವುದು ಕಷ್ಟ. ಕೋಲ್ ಅವರ ಸಂಖ್ಯೆಯನ್ನು ಇಂದಿನ ಗಣಕಯಂತ್ರವು ಕ್ಷಣಮಾತ್ರದಲ್ಲಿ ಒಡೆಯುವುದು ನಿಜ. ಆದುದರಿಂದಲೇ ರಹಸ್ಯವನ್ನು ಕಾಯುವ ಸಂಖ್ಯೆಗಳು ನೂರಾರು ಅಂಕಗಳಷ್ಟು ಬೆಳೆದಿವೆ.

ನನ್ನ ತರಗತಿಯಲ್ಲಿ ಒಮ್ಮೆ ಈ ಕಥೆಯನ್ನು ಹೇಳಿದಾಗ, ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬನು ಎದ್ದು, “ಪುಸ್ತಕದಲ್ಲಿದೆಯೆಂದು ನಂಬಬೇಕೆ, ಸ್ವಾಮಿ?” ಎಂದನು. ಬೇಡವೆಂದು ಹೇಳಿ ಸೀಮೆಸುಣ್ಣವನ್ನು ಅವನ ಕೈಗಿತ್ತೆ. ಎರಡು ಕಡೆ ದಶಕ ತಪ್ಪಿ, ಅಳಿಸಿ, ಮತ್ತೆ ಗುಣಿಸಿ, ಕೊನೆಗೆ 927ರ ವರೆಗೆ ಎಲ್ಲ ಅಂಕಗಳನ್ನೂ ಸರಿಯಾಗಿ ಬರೆದನು. ಮರ್ಸೆನ್ನರ ಮಾತನ್ನು ನಂಬಿದವರಲ್ಲಿ ನನಗಿಂತ ದೊಡ್ಡ ವಿದ್ವಾಂಸರಿದ್ದರು. ಆದರೆ ಆ ಹುಡುಗನು ಕೇಳಿದ ಪ್ರಶ್ನೆಯನ್ನು ಅವರೂ ಕೇಳಬೇಕಾಗಿತ್ತು.