ಶಾಂತವೇರಿ ಗೋಪಾಲಗೌಡರ ಶಾಸಕ ಜೀವನ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹೆಸರನ್ನು ಕೇಳಿದೊಡನೆ ಇತಿಹಾಸದ ಅಭ್ಯಾಸಿಗಳಿಗೆ ಕೆಳದಿ, ಇಕ್ಕೇರಿ, ಬಿದನೂರು, ಆರಗಗಳು ನೆನಪಾಗುತ್ತವೆ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಭೂಮಿಯನ್ನು ಅಳೆಯಿಸಿ, ಅದರ ಗುಣವನ್ನು ಪರೀಕ್ಷಿಸಿ, ಕಂದಾಯವನ್ನು ಗೊತ್ತುಮಾಡಿದನು. ಅದೇ 'ಶಿವಪ್ಪನಾಯಕನ ಶಿಸ್ತು' ಎಂದು ಪ್ರಸಿದ್ಧವಾಯಿತು. ಅಳತೆಯು ನ್ಯಾಯವಾಗಿದ್ದರೆ ಆಳುವವನೂ ಉಳುವವನೂ ನೆಮ್ಮದಿಯಿಂದಿರಬಲ್ಲರೆಂಬುದು ಅದರ ತಿರುಳು. ಮೂರು ಶತಮಾನಗಳ ತರುವಾಯ ಅದೇ ನೆಲದಲ್ಲಿ ಅಳತೆಯ ಪ್ರಶ್ನೆಯೇ ಮತ್ತೆ ತಲೆಯೆತ್ತಿತು. ಆ ಪ್ರಶ್ನೆಯನ್ನು ಗದ್ದೆಯ ಬದುವಿನಿಂದ ವಿಧಾನಸಭೆಗೆ ಹೊತ್ತೊಯ್ದವರಲ್ಲಿ ಶ್ರೀ ಶಾಂತವೇರಿ ಗೋಪಾಲಗೌಡರು ಅಗ್ರಗಣ್ಯರು.

ಗೋಪಾಲಗೌಡರು 1923ನೆಯ ಇಸವಿ ಮಾರ್ಚ್ 14ರಂದು ಜನಿಸಿದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸೀಮೆ ಅವರು ಬೆಳೆದ ನೆಲ. ಬಡತನವನ್ನು ಕಣ್ಣಾರೆ ಕಂಡು, ಉಂಡು ಬೆಳೆದವರು. ವಿದ್ಯಾರ್ಥಿದೆಸೆಯಲ್ಲಿಯೇ 1942ರ 'ಭಾರತ ಬಿಟ್ಟು ತೊಲಗಿ' ಚಳವಳಿಗೆ ಧುಮುಕಿ ಸೆರೆಮನೆಯನ್ನು ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಪಕ್ಷವನ್ನು ಸೇರದೆ, ಡಾ. ರಾಮಮನೋಹರ ಲೋಹಿಯಾ ಅವರ ವಿಚಾರಗಳಿಗೆ ಒಲಿದು ಸಮಾಜವಾದಿ ಪಕ್ಷದಲ್ಲಿ ನಿಂತರು.

ಅವರ ಸಾರ್ವಜನಿಕ ಜೀವನಕ್ಕೆ ದಿಕ್ಕನ್ನು ತೋರಿದ್ದು ಕಾಗೋಡು ಸತ್ಯಾಗ್ರಹ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಒಕ್ಕಲುಗಳು ತಲೆಮಾರುಗಳಿಂದ ಗೇಣಿಗೆ ಗದ್ದೆಯನ್ನು ಮಾಡುತ್ತಿದ್ದರು. ಗೇಣಿಯ ಭತ್ತವನ್ನು ಒಡೆಯರು ಅಳೆದುಕೊಳ್ಳುತ್ತಿದ್ದ ಕೊಳಗವು ನ್ಯಾಯವಾದ ಕೊಳಗಕ್ಕಿಂತ ದೊಡ್ಡದು ಎಂಬುದು ಅವರ ದೂರು. ಶ್ರೀ ಎಚ್. ಗಣಪತಿಯಪ್ಪನವರು ಆ ಒಕ್ಕಲುಗಳನ್ನು ರೈತಸಂಘದಲ್ಲಿ ಒಂದುಗೂಡಿಸಿದರು. ಒಡೆಯರು ಗೇಣಿದಾರರನ್ನು ಭೂಮಿಯಿಂದ ಹೊರಗಿಡಲು ಹೊರಟಾಗ, 1951ರ ಏಪ್ರಿಲ್ 18ರಂದು ಒಕ್ಕಲುಗಳು ನೇಗಿಲು ಹಿಡಿದು ಗದ್ದೆಗೆ ಇಳಿದರು. ತಂಡತಂಡವಾಗಿ ಬಂಧನಕ್ಕೊಳಗಾದರು. ಸಮಾಜವಾದಿಗಳು ಬೆಂಬಲಕ್ಕೆ ಬಂದರು. ಗೋಪಾಲಗೌಡರೂ ಸೆರೆಮನೆಯನ್ನು ಸೇರಿದರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಕಾಗೋಡಿಗೆ ಬಂದು ಸಾಗರದಲ್ಲಿ ಬಂಧಿತರಾದಾಗ ಮಲೆನಾಡಿನ ಒಂದು ಚಿಕ್ಕ ಹಳ್ಳಿಯ ಹೆಸರು ದೇಶಕ್ಕೆಲ್ಲ ತಿಳಿಯಿತು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಅಂದಿನ ಮಲೆನಾಡಿನಲ್ಲಿ ಭೂಮಿಯ ಒಡೆತನವು ಬಹುಮಟ್ಟಿಗೆ ಮೇಲುಜಾತಿಗಳ ಕೈಯಲ್ಲಿದ್ದಿತು; ವೀರಶೈವ ಜಮೀನುದಾರರೂ ಅವರಲ್ಲಿದ್ದರು. ಕಾಯಕವನ್ನು ಕೈಲಾಸವೆಂದು ಸಾರಿದ ಶರಣರ ಹೆಸರನ್ನು ಹೇಳುವ ಮನೆಗಳ ಅಂಗಳದಲ್ಲಿಯೇ ಕಾಯಕಜೀವಿಯ ಭತ್ತವು ದೊಡ್ಡ ಕೊಳಗದಲ್ಲಿ ಅಳೆಯಲ್ಪಟ್ಟಿದ್ದರೆ, ಅದು ನಾವು ಓದಿ ಮುಂದೆ ಸಾಗಬಹುದಾದ ಸಂಗತಿಯಲ್ಲ. ನಿಂತು ಯೋಚಿಸಬೇಕಾದ ಸಂಗತಿ.

ಸತ್ಯಾಗ್ರಹವು ಆ ವರ್ಷವೇ ಫಲ ಕೊಡಲಿಲ್ಲ. ಆದರೆ 1952ರ ಪ್ರಥಮ ಮಹಾಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರದ ಮತದಾರರು ಗೋಪಾಲಗೌಡರನ್ನು ಆರಿಸಿ ಕಳುಹಿಸಿದರು. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. 'ಒಂದು ವೋಟು, ಒಂದು ನೋಟು' ಎಂಬ ಮಾತು ಅವರ ಚುನಾವಣೆಗಳೊಡನೆ ಇಂದಿಗೂ ಜನರ ಬಾಯಲ್ಲಿ ಉಳಿದಿದೆ. ಅಭ್ಯರ್ಥಿಯು ಮತದಾರನಿಗೆ ಹಣ ಕೊಡುವ ಕಾಲವನ್ನು ಕಂಡವರಿಗೆ, ಮತದಾರನೇ ಅಭ್ಯರ್ಥಿಗೆ ಹಣ ಕೊಟ್ಟನೆಂಬುದು ಕಥೆಯಂತೆ ತೋರೀತು.

1957ರಲ್ಲಿ ಅವರು ಸೋತರು. ಸೋಲಿನಿಂದ ಧೃತಿಗೆಡದೆ ಜನರ ನಡುವೆಯೇ ಉಳಿದು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಹೀಗೆ ಮೂರು ಅವಧಿಗಳ ಕಾಲ ಶಾಸಕರಾಗಿದ್ದರೂ ಒಂದು ದಿನವೂ ಆಡಳಿತ ಪಕ್ಷದ ಸಾಲಿನಲ್ಲಿ ಕೂಡಲಿಲ್ಲ, ಮಂತ್ರಿಪದವಿಯನ್ನು ಕಾಣಲಿಲ್ಲ. ಅವರಿಗಿದ್ದ ಬಲವೆಂದರೆ ಮಾತು. ಆ ಮಾತು ಕನ್ನಡದ ಮಾತು. ರಾಜ್ಯಕ್ಕೆ 'ಕರ್ನಾಟಕ'ವೆಂಬ ಹೆಸರು ಬರಬೇಕು, ಆಡಳಿತವು ಜನರ ನುಡಿಯಲ್ಲಿ ನಡೆಯಬೇಕು, ಉಳುವವನಿಗೆ ಭೂಮಿ ದಕ್ಕಬೇಕು — ಇವು ಅವರು ಬಿಡದೆ ಹಿಡಿದ ವಿಷಯಗಳು. ಅವರ ಪ್ರಭಾವಕ್ಕೆ ಒಳಗಾದವರಲ್ಲಿ ಶ್ರೀ ಜೆ.ಎಚ್. ಪಟೇಲರೂ ಒಬ್ಬರು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆರಿಸಿಹೋದ ಪಟೇಲರು ಅಲ್ಲಿ ಕನ್ನಡದಲ್ಲಿಯೇ ಭಾಷಣ ಮಾಡಿದುದು ಈ ಪರಂಪರೆಯ ಫಲವೇ ಸರಿ.

ಕಾನೂನುಗಳ ಇತಿಹಾಸವನ್ನು ನೋಡಿದರೆ ಗೌಡರ ಹೋರಾಟದ ಅರ್ಥವು ಸ್ಪಷ್ಟವಾಗುತ್ತದೆ. 1952ರಲ್ಲಿ ಮೈಸೂರು ಗೇಣಿ ಶಾಸನವು ಬಂದಿತು. 1961ರ ಭೂಸುಧಾರಣಾ ಶಾಸನವು ಜಾರಿಗೆ ಬಂದುದು 1965ರಲ್ಲಿ. ಆದರೆ ಕಾಗದಪತ್ರವಿಲ್ಲದ ಬಾಯಿಮಾತಿನ ಗೇಣಿದಾರನು ವಕೀಲರನ್ನು ಹಿಡಿದು ಒಡೆಯನೆದುರು ನ್ಯಾಯಾಲಯದಲ್ಲಿ ನಿಲ್ಲುವುದು ಸುಲಭವಾಗಿರಲಿಲ್ಲ. ಶ್ರೀ ದೇವರಾಜ ಅರಸರ ಸರಕಾರವು ತಂದ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿಯ ಭೂಮಿಯು ಸರಕಾರದ ವಶವಾಯಿತು. ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಳಿಗಳು ಏರ್ಪಟ್ಟವು. ಗೇಣಿದಾರನು ಅರ್ಜಿ ಹಾಕಿ ತನ್ನ ಉಳುಮೆಯನ್ನು ರುಜುವಾತುಪಡಿಸಿ ಒಡೆತನವನ್ನು ಪಡೆಯುವ ಹಾದಿ ತೆರೆಯಿತು. ಆದರೂ ಈ ಸುಧಾರಣೆಯ ಮಿತಿಯನ್ನೂ ನೆನೆಯಬೇಕು. ಅದು ಗೇಣಿದಾರನನ್ನು ಕೈಹಿಡಿದಷ್ಟು ಗೇಣಿಯೂ ಇಲ್ಲದ ಕೂಲಿಯಾಳನ್ನು ಕೈಹಿಡಿಯಲಿಲ್ಲ.

ಈ ದಿನವನ್ನು ಕಾಣಲು ಗೋಪಾಲಗೌಡರು ಇರಲಿಲ್ಲ. ದೀರ್ಘಕಾಲದ ಅನಾರೋಗ್ಯದಿಂದ ಬಳಲಿ, 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ ಅವರು ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದೂ ಅವರ ಕಾಲಾನಂತರ, 1973ರ ನವೆಂಬರ್ 1ರಂದು. ಗೇಣಿದಾರರ ಊರಾದ ಕಾಗೋಡಿನ ಶ್ರೀ ತಿಮ್ಮಪ್ಪನವರು 2013ರಲ್ಲಿ ವಿಧಾನಸಭೆಯ ಅಧ್ಯಕ್ಷಪೀಠವನ್ನು ಏರಿದುದನ್ನೂ ಈ ಕಥೆಯ ಒಂದು ಅಧ್ಯಾಯವೆಂದೇ ಎಣಿಸಬೇಕು.

ಸಾಹಿತ್ಯದ ವಿದ್ಯಾರ್ಥಿಗಳಿಗೂ ಗೌಡರು ಅಪರಿಚಿತರಲ್ಲ. ಗೋಪಾಲಕೃಷ್ಣ ಅಡಿಗರ 'ಶಾಂತವೇರಿಯ ಅಶಾಂತ ಸಂತ' ಎಂಬ ಕವಿತೆಗೂ, ಯು.ಆರ್. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಯ ನಾಯಕನಿಗೂ ಅವರ ಬದುಕೇ ಮೂಲ. ಗೆದ್ದ ಮಂತ್ರಿಗಳನೇಕರಿಗೆ ದೊರೆಯದ ಸ್ಥಾನ ಅಧಿಕಾರವಿಲ್ಲದ ಈ ಶಾಸಕರಿಗೆ ಕನ್ನಡ ಸಾಹಿತ್ಯದಲ್ಲಿ ದೊರೆತಿದೆ.

ಶಾಸಕನ ಸೇವೆಯನ್ನು ಯಾವ ಕೊಳಗದಿಂದ ಅಳೆಯಬೇಕು? ಅವನು ಕುಳಿತ ವರ್ಷಗಳಿಂದಲೇ, ಹಿಡಿದ ಖಾತೆಗಳಿಂದಲೇ, ಕಟ್ಟಿಸಿದ ಸೇತುವೆಗಳಿಂದಲೇ? ಆ ಅಳತೆಗಳಲ್ಲಿ ಗೋಪಾಲಗೌಡರ ಪಾಲು ಕಡಿಮೆಯಾದೀತು. ಸಭೆಯಲ್ಲಿ ಒಂಟಿಯಾಗಿ ಆಡಿದ ಮಾತು ಮುಂದೆ ನಾಡಿನ ಶಾಸನವಾಯಿತೇ ಎಂಬುದು ಇನ್ನೊಂದು ಅಳತೆ. ಆ ಕೊಳಗದಲ್ಲಿ ಅಳೆದರೆ ಅವರ ರಾಶಿ ದೊಡ್ಡದು. ಶಿವಪ್ಪನಾಯಕನ ಶಿಸ್ತಿನ ನಾಡಿಗೆ ನ್ಯಾಯದ ಅಳತೆಯನ್ನು ಮತ್ತೆ ನೆನಪಿಸಿಕೊಟ್ಟ ಆ ಚೇತನವನ್ನು ನಾವು ಕೃತಜ್ಞತೆಯಿಂದ ಸ್ಮರಿಸಬೇಕು.