ಎರಡು ಜಡೆ

ನಮ್ಮ ನಾಡಿನಲ್ಲಿ ಹೆಣ್ಣನ್ನು ಕುರಿತ ಗಾದೆಗಳಿಗೆ ಬರವಿಲ್ಲ. ಅವುಗಳಲ್ಲಿ ಬಹುಪಾಲು ಗಂಡಸರ ಬಾಯಿಂದ ಹೊರಟವೆಂಬುದು ಅವುಗಳ ಧ್ವನಿಯಿಂದಲೇ ವೇದ್ಯವಾಗುವುದಾದರೂ, ‘ನೂರು ಜುಟ್ಟು ಸೇರಬಹುದು, ಎರಡು ಜಡೆ ಸೇರಲಾರವು’ ಎಂಬುದರಷ್ಟು ನಿಶ್ಚಿಂತೆಯಿಂದ ಆಡಲ್ಪಡುವ, ಅಷ್ಟೇ ಅವಿಚಾರದಿಂದ ಒಪ್ಪಲ್ಪಡುವ ಮಾತು ಮತ್ತೊಂದಿರಲಾರದು. ಮೊನ್ನೆ ಕಳಸದ ಬಸ್‌ಸ್ಟ್ಯಾಂಡಿನಲ್ಲಿ ಸಂಸೆಯ ಬಸ್ಸಿಗೆ ಕಾದು ನಿಂತಿದ್ದಾಗ, ಕಾಲೇಜಿನ ಇಬ್ಬರು ಹುಡುಗಿಯರು ಒಂದೇ ಕೊಡೆಯ ಕೆಳಗೆ ಏನನ್ನೋ ಹೇಳಿಕೊಂಡು ನಗುತ್ತಿದ್ದುದನ್ನು ಕಂಡು, ಪಕ್ಕದಲ್ಲಿದ್ದ ಹಿರಿಯರೊಬ್ಬರು, ‘ಇವತ್ತು ನಗ್ತಾವೆ, ನಾಳೆ ನೋಡಿ. ಎರಡು ಜಡೆ ಎಲ್ಲಾದ್ರೂ ಸೇರೋದುಂಟಾ ಮಾರಾಯ್ರೆ?’ ಎಂದರು. ಅವರು ಸಜ್ಜನರು, ಮಾತಿನಲ್ಲಿ ವಿಷವಿರಲಿಲ್ಲ. ಆದರೆ ನಾನು ಗಮನಿಸಿದ್ದು ಬೇರೆಯೇ: ಆ ಇಬ್ಬರಲ್ಲಿ ಒಬ್ಬಳಿಗೂ ಜಡೆಯೆಂಬುದೇ ಇರಲಿಲ್ಲ. ಒಬ್ಬಳದು ಭುಜದ ಮೇಲಕ್ಕೆ ಕತ್ತರಿಸಿದ ಕೂದಲು; ಇನ್ನೊಬ್ಬಳದು ರಬ್ಬರ್‌ಬ್ಯಾಂಡಿನಿಂದ ಹಿಂದಕ್ಕೆ ಬಿಗಿದ, ಅವರು ‘ಪೋನಿ’ ಎಂದು ಕರೆಯುವ ಕುಚ್ಚು.

ಜಡೆ ತಲೆಯಿಂದ ಇಳಿದುಹೋಗಿದ್ದರೂ ಗಾದೆಯಿಂದ ಇಳಿದಿಲ್ಲ. ಮದುವೆಯ ಮನೆಯಲ್ಲಿ ಒಂದು ದಿನದ ಮಟ್ಟಿಗೆ ಮೊಗ್ಗಿನ ಜಡೆಯಾಗಿ ಕಾಣಿಸಿಕೊಳ್ಳುತ್ತದೆ. ಜಡೆಬಿಲ್ಲೆ, ಜಡೆಗುಚ್ಚುಗಳು ಅಜ್ಜಿಯರ ಪೆಟ್ಟಿಗೆಯಲ್ಲಿವೆ. ಉಳಿದಂತೆ ಈ ಶಬ್ದ ದಿನನಿತ್ಯವೂ ಬದುಕಿರುವುದು ವೃತ್ತಪತ್ರಿಕೆಗಳ ಶೀರ್ಷಿಕೆಗಳಲ್ಲಿ, ‘ಜಡೆಜಗಳ’ ಎಂಬ ಸಮಾಸದಲ್ಲಿ. ಇಬ್ಬರು ನಟಿಯರಿಗೆ ಮನಸ್ತಾಪವಾದರೆ ಜಡೆಜಗಳ, ಇಬ್ಬರು ಸದಸ್ಯೆಯರು ಸಭೆಯಲ್ಲಿ ವಾದಿಸಿದರೆ ಜಡೆಜಗಳ. ಇಬ್ಬರು ಗಂಡಸರು ಮೈಕು ಕಿತ್ತು ಹೊಡೆದಾಡಿದಾಗ ಅದನ್ನು ‘ಜುಟ್ಟುಜಗಳ’ವೆಂದು ಯಾವ ಉಪಸಂಪಾದಕರೂ ಮುದ್ರಿಸಿದ್ದನ್ನು ನಾನು ಕಂಡಿಲ್ಲ. ಮೂರು ಎಳೆಗಳು ಒಂದಾಗಿ ಹೆಣೆದುಕೊಂಡಾಗಲೇ ಯಾವುದಕ್ಕೆ ಆ ಹೆಸರು ಸಲ್ಲುವುದೋ ಅಂಥ ವಸ್ತುವನ್ನು, ಸೇರದಿರುವುದಕ್ಕೆ ದೃಷ್ಟಾಂತವಾಗಿ ಹಿಡಿದದ್ದು ಭಾಷೆಗೆ ಮಾಡಿದ ಅನ್ಯಾಯವೆಂದು ನಾನು ಭಾವಿಸುತ್ತೇನೆ. ಜಡೆಕೋಲಾಟವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಮೇಲಿನಿಂದ ಇಳಿಬಿಟ್ಟ ಹಗ್ಗಗಳ ತುದಿಯನ್ನು ಹಿಡಿದ ಆಟಗಾರರು ಒಬ್ಬರನ್ನೊಬ್ಬರು ಸುತ್ತುತ್ತ ಕುಣಿದಂತೆ ಮೇಲೆ ಜಡೆ ಹೆಣೆದುಕೊಳ್ಳುತ್ತ ಬರುವುದೂ, ಹಿಮ್ಮುಖವಾಗಿ ಕುಣಿದಾಗ ಒಂದು ಗಂಟೂ ಉಳಿಯದೆ ಬಿಚ್ಚಿಕೊಳ್ಳುವುದೂ ಆ ಆಟದ ಸೊಬಗು; ಒಬ್ಬರು ಹೆಜ್ಜೆ ತಪ್ಪಿದರೆ ಜಡೆಯಿಲ್ಲ.

ಈ ಶಬ್ದದ ಮೂಲವನ್ನು ಕೇಳಿದೊಡನೆ ಕೋಶವನ್ನು ತೆರೆದು, ಒಂದು ಸಂಸ್ಕೃತ ಪದದ ಮೇಲೆ ಬೆರಳಿಟ್ಟು, ಕೋಶವನ್ನು ಮುಚ್ಚಿಬಿಡುವ ಪಂಡಿತರೊಡನೆ ನನಗೆ ವ್ಯಾಜ್ಯವಿಲ್ಲ. ಅವರ ದಾರಿ ಅವರಿಗೆ. ಆದರೆ ನಮ್ಮ ಮಲೆನಾಡಿನ ಸಂಸೆಯಲ್ಲಿ ಆಷಾಢವನ್ನು ಕಳೆದವರು, ಹೆಂಚಿನ ಅಂಚಿನಿಂದ ಇಳಿಯುವ ನೀರಿನ ಎಳೆಗಳು ಗಾಳಿಗೆ ಒಂದನ್ನೊಂದು ಬಳಸಿ ಅಂಗಳಕ್ಕೆ ಬೀಳುವುದನ್ನು ಜಗಲಿಯಲ್ಲಿ ಕುಳಿತು ನೋಡಿದವರು, ‘ಜಡಿಮಳೆ’ಯಲ್ಲಿನ ‘ಜಡಿ’ಯೂ ಹೆಣ್ಣಿನ ಬೆನ್ನ ಮೇಲಣ ‘ಜಡೆ’ಯೂ ಒಡಹುಟ್ಟಿದವುಗಳೆಂಬುದನ್ನು ನಂಬದೆ ಹೇಗೆ ಇರಬಲ್ಲರು? ಇದು ನನ್ನ ಬಹುಕಾಲದ ನಂಬಿಕೆ. ಯಾವ ಕೋಶವೂ ಬೆಂಬಲಕ್ಕೆ ಬಾರದಿದ್ದರೂ ಇದನ್ನು ನಾನು ಬಿಟ್ಟುಕೊಡುವುದಿಲ್ಲ. ಶಿವನ ಕೆಂಜಡೆಯಲ್ಲಿ ಇರುವುದಾದರೂ ಏನು? ನೀರೇ ಅಲ್ಲವೆ? ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ನಮ್ಮ ಗಂಗಾಮೂಲದ ಬೆಟ್ಟಕ್ಕೆ ಆ ಹೆಸರನ್ನಿಟ್ಟವರಿಗೆ ಮಳೆಯೂ ನದಿಯೂ ಜಡೆಯೂ ಬೇರೆಬೇರೆಯಾಗಿ ತೋರಿರಲಾರವು. ಗಂಗೆಗೂ ಗೌರಿಗೂ ಆಗಿಬರುತ್ತಿರಲಿಲ್ಲವೆಂದು ಹಾಡುಗಳಿವೆ, ಸರಿ; ಆದರೆ ಆ ಹಾಡುಗಳನ್ನು ಬಲ್ಲ ಹೆಂಗಸರೇ ಗೌರಿಹಬ್ಬದಂದು ಬಾವಿಕಟ್ಟೆಗೆ ಹೋಗಿ ಗಂಗೆಯನ್ನು ಪೂಜಿಸಿ, ಅನಂತರವೇ ಗೌರಿಯನ್ನು ಮನೆತುಂಬಿಸಿಕೊಳ್ಳುತ್ತಾರೆ. ಆ ಎರಡು ಜಡೆಗಳನ್ನು ಕೂಡಿಸಲು ಅವರಿಗೆ ಯಾವ ಗಾದೆಯೂ ಅಡ್ಡಬಂದಿಲ್ಲ.

ಗಾದೆಯನ್ನು ಕಟ್ಟಿದವನು ಜುಟ್ಟಿನವನೇ ಇರಬೇಕೆಂಬುದಕ್ಕೆ ನನ್ನಲ್ಲಿ ಒಂದು ಬಲವಾದ ಸಾಕ್ಷ್ಯವಿದೆ. ಜುಟ್ಟನ್ನು ಯಾರು ಬೇಕಾದರೂ ತಾವೇ ಗಂಟು ಹಾಕಿಕೊಳ್ಳಬಹುದು. ಒಳ್ಳೆಯ ಜಡೆಯನ್ನು ಒಬ್ಬಳೇ ಹೆಣೆದುಕೊಳ್ಳುವುದು ಬಹು ಕಷ್ಟ. ಜಡೆಯೆಂದರೆ ಅದರ ಹಿಂದೆ ಇನ್ನೊಬ್ಬ ಹೆಣ್ಣು ಕುಳಿತಿದ್ದಾಳೆಂದೇ ಅರ್ಥ. ನನ್ನ ಬಾಲ್ಯದಲ್ಲಿ ಮಧ್ಯಾಹ್ನದ ಊಟದ ಪಾತ್ರೆಗಳನ್ನು ತೊಳೆದಾದ ಮೇಲೆ, ಹಿತ್ತಿಲ ಜಗಲಿಯ ಮೇಲೆ ದೊಡ್ಡಮ್ಮನ ಮುಂದೆ ಅತ್ತಿಗೆ, ಅತ್ತಿಗೆಯ ಮುಂದೆ ಅಕ್ಕ, ಅಕ್ಕನ ಮುಂದೆ ನೆರೆಮನೆಯ ಹುಡುಗಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕುಳಿತು, ಕೊಬ್ಬರಿ ಎಣ್ಣೆಯ ಬಟ್ಟಲನ್ನು ಕೈಯಿಂದ ಕೈಗೆ ದಾಟಿಸುತ್ತ, ಸಿಕ್ಕು ಬಿಡಿಸುತ್ತ, ಹೇನು ಹುಡುಕುತ್ತ, ಗಂಡಸರ ಕಿವಿಗೆ ಬೀಳಬಾರದ ಮಾತುಗಳನ್ನು ಆ ಗಳಿಗೆಗೆಂದೇ ಕಾದಿಟ್ಟು ಹೇಳಿಕೊಳ್ಳುತ್ತಿದ್ದರು. ಮುಂದೆ ಕುಳಿತವಳಿಗೆ ಹಿಂದಿನವಳ ಮುಖ ಕಾಣದು. ಕಾಣದಿರುವುದರಿಂದಲೇ ನುಡಿಯಲು ಧೈರ್ಯ. ಹೆಂಗಸರ ಗುಟ್ಟುಗಳು ಎಷ್ಟು ತಲೆಮಾರು ಈ ಬೆನ್ನು-ಮುಖಗಳ ನಡುವೆ ಸಾಗಿಬಂದಿವೆಯೋ ಬಲ್ಲವರಾರು? ಆ ಜಗಲಿಯಲ್ಲಿ ಜಗಳವೂ ಆಗುತ್ತಿತ್ತು. ಜಡೆಯನ್ನು ಬಿಗಿಯಾಗಿ ಎಳೆದಳೆಂದು ಅಕ್ಕ ಅತ್ತಿಗೆಯ ಮೇಲೆ ಮುನಿಸಿಕೊಳ್ಳುವುದು ನಿತ್ಯದ ಸಂಗತಿ. ಮರುದಿನ ಮತ್ತೆ ಅದೇ ಅತ್ತಿಗೆಯ ಮುಂದೆಯೇ ಕುಳಿತುಕೊಳ್ಳುತ್ತಿದ್ದಳು.

ನಮ್ಮ ಪಕ್ಕದ ಕಾಫಿತೋಟದ ಕೂಲಿಲೈನಿನಲ್ಲಿ, ಘಟ್ಟದ ಕೆಳಗಿನಿಂದ ಕೊಯ್ಲಿಗೆ ಬಂದು ಇಲ್ಲಿಯೇ ನಿಂತ ಇಬ್ಬರು ಹೆಂಗಸರು ಒಂದೇ ಕೋಣೆಯಲ್ಲಿ ಬಾಳುತ್ತಿದ್ದರು. ಬೆಳಗಿನ ಹಾಜರಿಗೆ ಮುಂಚೆ ಒಬ್ಬಳ ತಲೆಯನ್ನು ಇನ್ನೊಬ್ಬಳು ಬಾಚಿ ಜಡೆ ಹಾಕುವುದು ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುತ್ತಿತ್ತು. ಅವರಿಗೆ ರಕ್ತಸಂಬಂಧವೇನೂ ಇರಲಿಲ್ಲ. ಮೇಸ್ತ್ರಿಯಿಂದ ಹಿಡಿದು ರೈಟರವರೆಗೆ ಎಲ್ಲರೂ ಅವರನ್ನು ‘ಅಕ್ಕತಂಗಿ’ ಎನ್ನುತ್ತಿದ್ದರು. ಅವರೂ ಅದನ್ನು ತಿದ್ದಲಿಲ್ಲ. ಅವರ ಬಾಳು ಅವರದು. ಅದಕ್ಕೆ ನಾನು ಬೇರೆ ಹೆಸರನ್ನು ಅಂಟಿಸಲಾರೆ. ಹತ್ತಿರವಿರುವ ಇಬ್ಬರು ಹೆಂಗಸರನ್ನು ಕಂಡಾಗ ಲೋಕ ಒಡನೆಯೇ ಒಂದು ನಂಟನ್ನು ಕಲ್ಪಿಸಿ ಸಮಾಧಾನ ಹೊಂದುತ್ತದೆಂಬುದಕ್ಕಷ್ಟೇ ಇದನ್ನು ಹೇಳಿದೆ.

ಹೀಗೆ ನಂಟನ್ನು ಕಲ್ಪಿಸುವ ಚಾಳಿ ನಮ್ಮಲ್ಲಿ ಮಾತ್ರ ಇರುವುದಲ್ಲ. ಜಪಾನಿನ ‘ಸೇಲರ್ ಮೂನ್’ ಎಂಬ ಪ್ರಸಿದ್ಧ ಆನಿಮೆಯಲ್ಲಿ, ಎಂದರೆ ಚಲಿಸುವ ಚಿತ್ರಗಳ ಕಥಾಸರಣಿಯಲ್ಲಿ, 1994ರಲ್ಲಿ ಹರುಕಾ, ಮಿಚಿರು ಎಂಬ ಇಬ್ಬರು ವೀರಾಂಗನೆಯರು ಪ್ರವೇಶಿಸುತ್ತಾರೆ. ಒಬ್ಬಳು ಗಾಳಿಯಂತೆ ವಾಹನ ಓಡಿಸುವವಳು, ಇನ್ನೊಬ್ಬಳು ಪಿಟೀಲು ನುಡಿಸುವವಳು. ಅವರ ಪರಸ್ಪರಾನುರಾಗ ಮಕ್ಕಳಿಗೂ ತಿಳಿಯುವಷ್ಟು ಸ್ಪಷ್ಟ. ಅದು 2000ದಲ್ಲಿ ಅಮೆರಿಕೆಯ ಇಂಗ್ಲಿಷಿಗೆ ಹೋದಾಗ ಅಲ್ಲಿಯವರು ಇಬ್ಬರನ್ನೂ ‘ಕಸಿನ್’ ಮಾಡಿಬಿಟ್ಟರು. ಈ ಉಪಾಯ ಕನ್ನಡದಲ್ಲಿ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ! ನಮ್ಮಲ್ಲಿ ಕೇಳುವವರ ಮೊದಲ ಪ್ರಶ್ನೆಯೇ, ‘ಚಿಕ್ಕಪ್ಪನ ಮಗಳೋ, ಸೋದರತ್ತೆಯ ಮಗಳೋ?’ ಎಂದು. ಅತ್ತೆಮಗಳೆಂದರೋ, ಅದು ಅನಾದಿಕಾಲದಿಂದ ಮದುವೆಗೆ ಮೊದಲು ನೆನಪಾಗುವ ನಂಟು. ಈಗಿನ ನಮ್ಮ ಮಕ್ಕಳು ದೊಡ್ಡಪ್ಪನ ಮಗಳನ್ನೂ ಅತ್ತೆಯ ಮಗಳನ್ನೂ ಸೋದರಮಾವನ ಮಗಳನ್ನೂ ಒಂದೇ ‘ಕಸಿನ್ನು’ ಎಂಬ ಗೋಣಿಗೆ ತುಂಬಿ ಹೊಲಿದುಬಿಡುವುದನ್ನು ಕೇಳಿದಾಗಲೆಲ್ಲ, ಅಷ್ಟು ಸೂಕ್ಷ್ಮವಾದ ಭೇದಗಳನ್ನು ಇಷ್ಟು ಅಗ್ಗವಾಗಿ ಕಳೆದುಕೊಳ್ಳುತ್ತಿದ್ದೇವಲ್ಲ ಎಂದು ಮನಸ್ಸು ಕುದಿಯುತ್ತದೆ.

ಹೆಣ್ಣು ಹೆಣ್ಣನ್ನು ಒಲಿಯುವ ಇಂಥ ಕಥೆಗಳಿಗೆ ಜಪಾನಿನಲ್ಲಿ ‘ಯುರಿ’ ಎಂದು ಹೆಸರು. ಎಂದರೆ ಲಿಲಿ ಹೂವು. ಕುದುರೆಮುಖದ ಗಣಿ ಕಂಪನಿ ಹುಟ್ಟಿದ 1976ರಲ್ಲಿಯೇ, ಇತೋ ಬುಂಗಾಕು ಎಂಬ ಸಂಪಾದಕ ತನ್ನ ಪತ್ರಿಕೆಯಲ್ಲಿ ಇಂಥ ಹೆಂಗಸರ ಪತ್ರಗಳಿಗೆ ಬಿಟ್ಟುಕೊಟ್ಟ ಅಂಕಣಕ್ಕೆ ಲಿಲಿಯ ಹೆಸರನ್ನಿಟ್ಟನು. ನಮ್ಮ ಬೇಲಿಗಳಲ್ಲಿ ಮಳೆಗಾಲದ ಕೊನೆಗೆ ಕೆಂಪು ಹಳದಿಯ ಎಸಳುಗಳನ್ನು ಮೇಲಕ್ಕೆ ಮಡಿಚಿ ಅರಳುವ ಗೌರಿ ಹೂವು ಆ ಲಿಲಿಗೆ ದೂರದ ನಂಟು. ಅದರ ಇನ್ನೊಂದು ಹೆಸರು ಅಗ್ನಿಶಿಖೆ. ಹೆಂಗಸರು ಹೆಂಗಸರಿಗೇ ಬಾಗಿನ ಕೊಡುವ ಹಬ್ಬಕ್ಕೆ ಒದಗುವ ಹೂವು ಅದೇ ಆಗಿರುವುದು ನನಗೆ ಬಹಳ ಪ್ರಿಯವಾದ ವಿಷಯ.

ಮಳೆಯ ದಿನಗಳಲ್ಲಿ ಕರೆಂಟು ಹೋಗುವ ಮೊದಲೇ ಫೋನಿಗೆ ಇಳಿಸಿಟ್ಟುಕೊಂಡ ಇಂಥ ಕಥೆಗಳ ಕಂತುಗಳನ್ನು ನೋಡುವುದು ನನ್ನ ಆಷಾಢದ ಸುಖ. ಕೊನ್ನೊ ಒಯುಕಿಯವರು 1998ರಿಂದ ಬರೆದು, 2004ರಲ್ಲಿ ಆನಿಮೆಯಾದ ‘ಮಾರಿಯಾಸಾಮ ಗ ಮಿತೆರು’ ಎಂಬ ಕಥೆ ಒಂದು ಕ್ರೈಸ್ತ ಹೆಣ್ಣುಮಕ್ಕಳ ಶಾಲೆಯದು. ಅಲ್ಲಿ ಹಿರಿಯ ವಿದ್ಯಾರ್ಥಿನಿ ಕಿರಿಯಳೊಬ್ಬಳಿಗೆ ಜಪಸರವನ್ನು ಕೊಟ್ಟು ತಂಗಿಯಾಗಿ ವರಿಸುತ್ತಾಳೆ. ಅದರಲ್ಲಿ ಶಿಮಾಜು ಯೋಶಿನೊ ಎಂಬವಳಿಗೆ ಎರಡು ಜಡೆ. ನಮ್ಮ ಶಾಲೆಗಳ ಹುಡುಗಿಯರು ಟೇಪು ಕಟ್ಟಿ ಬರುತ್ತಿದ್ದಂಥ ಅಚ್ಚುಕಟ್ಟಾದ ಎರಡು ಜಡೆ. ಹುಟ್ಟಿನಿಂದ ಹೃದ್ರೋಗ; ನೋಡಿದರೆ ಹೂವು, ಒಳಗೆ ಕಿಡಿ; ಓದುವುದು ಕತ್ತಿವರಸೆಯ ಚಾರಿತ್ರಿಕ ಕಾದಂಬರಿಗಳನ್ನು. ಅವಳ ಅಕ್ಕನಾಗಿ ನಿಂತ ರೇ ಎಂಬವಳು ಗಿಡ್ಡಕೂದಲಿನ, ಗಂಡುಹುಡುಗನಂತೆ ತೋರುವ ಕತ್ತಿವರಸೆಯ ಪಟು. ಆದರೆ ಅವಳಿಗೆ ಪ್ರಿಯವಾದುವು ಹೆಣಿಗೆ, ಅಡುಗೆ ಮತ್ತು ಹೆಣ್ಣುಮಕ್ಕಳ ಕಾದಂಬರಿ. ಇವರಿಬ್ಬರು ನಿಜವಾಗಿಯೂ ಸೋದರಸಂಬಂಧಿಗಳು, ಪಕ್ಕದ ಮನೆಯವರು. ರೇ ತನ್ನನ್ನು ಅತಿಯಾಗಿ ಕಾಪಾಡುತ್ತ ಕಾಪಾಡುತ್ತ ತಾನೇ ಕುಗ್ಗುತ್ತಿರುವಳೆಂದು ಅರಿತ ಯೋಶಿನೊ, ಜಪಸರವನ್ನು ಹಿಂದಿರುಗಿಸಿ, ಒಂಟಿಯಾಗಿ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಗುಣವಾದ ಮೇಲೆ ತಾನಾಗಿಯೇ ಬಂದು ಮತ್ತೆ ತಂಗಿಯಾಗುವೆನೆಂದು ಕೇಳುತ್ತಾಳೆ. ಅಷ್ಟರಲ್ಲಿ ಶಾಲೆಯ ಉಳಿದ ಹುಡುಗಿಯರೂ ಅವಳನ್ನು ಅನುಕರಿಸಿ ತಮ್ಮ ತಮ್ಮ ಅಕ್ಕಂದಿರಿಗೆ ಜಪಸರ ಮರಳಿಸಿ ಕಣ್ಣೀರಿಡುತ್ತಿರುತ್ತಾರೆ! ಈ ಪ್ರಸಂಗವನ್ನು ನಾನು ಮತ್ತೆ ಮತ್ತೆ ನೋಡುವುದುಂಟು. ಜಡೆಜಗಳವೆಂದು ನಮ್ಮ ಪತ್ರಿಕೆಗಳು ಬರೆಯಬಹುದಾದ ಘಟನೆಯೊಂದು ಹೇಗೆ ಒಲವಿನ ಪರಮಾವಧಿಯಾಗಬಲ್ಲುದೆಂಬುದು ಅಲ್ಲಿ ಕಾಣುತ್ತದೆ.

‘ಊತೆನಾ’ (1997) ಎಂಬ 39 ಕಂತುಗಳ ಇದೇ ಬಗೆಯ ವಿಚಿತ್ರ ಸುಂದರ ಕೃತಿಯಲ್ಲಿನ ಆಂತಿ ಎಂಬ ಹುಡುಗಿಯನ್ನು ಕಂಡರೆ ಕನ್ನಡಿಗರಿಗೆ ಪರಿಚಿತಳಂತೆ ತೋರುವಳು: ಕಂದುಮೈ, ಹಣೆಯಲ್ಲಿ ಬೊಟ್ಟು, ಎತ್ತಿ ಕಟ್ಟಿದ ಕೂದಲು. ಆದರೆ ನನ್ನ ಹೃದಯವನ್ನು ಗೆದ್ದವಳು 2018ರಲ್ಲಿ ಬಂದ ‘ಯಗತೆ ಕಿಮಿ ನಿ ನಾರು’ವಿನ ಸಾಯೆಕಿ ಸಾಯಕಾ. ತನ್ನ ಗೆಳತಿ ತೊಕೊಳನ್ನು ಒಳಗೊಳಗೇ ಪ್ರೀತಿಸುತ್ತ, ಆ ತೊಕೊ ಕಿರಿಯಳಾದ ಯೂ ಎಂಬವಳ ಕಡೆಗೆ ವಾಲುವುದನ್ನು ಕಾಣುತ್ತ, ಒಂದು ಕಟುನುಡಿಯನ್ನೂ ಆಡದೆ ತನ್ನ ಘನತೆಯನ್ನು ಉಳಿಸಿಕೊಳ್ಳುವ ಆ ಹುಡುಗಿ, ಮನಸ್ಸು ಬಿಚ್ಚುವುದು ಊರಿನ ಕಾಫಿಯಂಗಡಿಯ ಒಡತಿಯೊಬ್ಬಳ ಮುಂದೆ. ಆ ಒಡತಿಯ ಸಂಗಾತಿ ಶಾಲೆಯ ಅಧ್ಯಾಪಕಿ. ದೊಡ್ಡವರಾದ ಎರಡು ಜಡೆಗಳು ಗದ್ದಲವಿಲ್ಲದೆ ಬಾಳುತ್ತಿರುವುದನ್ನು ಕಂಡು ಎಳೆಯ ಜೀವವೊಂದು ಧೈರ್ಯ ತಾಳುವ ಆ ದೃಶ್ಯ, ಕಾಫಿ ಬೆಳೆಯುವ ಸೀಮೆಯಲ್ಲಿ ಕುಳಿತು ನೋಡುವ ನನಗೆ ಹೆಮ್ಮೆಯನ್ನೇ ಉಂಟುಮಾಡುತ್ತದೆ.

ಈ ಬಗೆಯ ಕಥೆಗಳಿಗೆಲ್ಲ ತಾಯಿಯಂತಿರುವ ಯೋಶಿಯಾ ನೊಬುಕೊ (1896–1973) ತನ್ನ ‘ಹನ ಮೊನೊಗತರಿ’ಯನ್ನು 1916ರಲ್ಲಿ ಆರಂಭಿಸಿದಳು. ಜಪಾನಿನ ಹೆಂಗಸರಲ್ಲಿ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡ ಮೊದಲಿಗರಲ್ಲಿ ಅವಳೂ ಒಬ್ಬಳು. ಜಡೆಯಿಲ್ಲದೆಯೂ ಅವಳು ಮೊನ್ಮಾ ಚಿಯೊ ಎಂಬ ಗೆಳತಿಯೊಡನೆ ಸುಮಾರು ಅರ್ಧ ಶತಮಾನ ಬಾಳಿದಳು. ಇಬ್ಬರು ಹೆಂಗಸರ ಬಾಳಿಗೆ ಕಾನೂನಿನಲ್ಲಿ ಹೆಸರಿಲ್ಲದ ಕಾರಣ 1957ರಲ್ಲಿ ಚಿಯೊಳನ್ನು ದತ್ತುಮಗಳಾಗಿ ಸ್ವೀಕರಿಸಬೇಕಾಯಿತು. ಒಂದು ಕಡೆ ಕಸಿನ್, ಒಂದು ಕಡೆ ಅಕ್ಕತಂಗಿ, ಒಂದು ಕಡೆ ತಾಯಿಮಗಳು! ನಮ್ಮ ದೇಶದಲ್ಲಿ ಇಂಥ ಒಲವು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು ಸಾರಿದ್ದು 2018ರ ಸೆಪ್ಟೆಂಬರ್ 6ರಂದು. ಸಾಯಕಾಳ ಕಥೆ ತೆರೆಗೆ ಬಂದದ್ದು ಅದರ ಮರುತಿಂಗಳು.

ಉಪಸಂಪಾದಕ ಮಹಾಶಯರಲ್ಲಿ ನನ್ನ ವಿನಂತಿ ಇಷ್ಟೆ: ‘ಜಡೆಜಗಳ’ವನ್ನು ದಯವಿಟ್ಟು ಕೈಬಿಡಿ, ಜಗಳವನ್ನು ಬರಿದೆ ಜಗಳವೆನ್ನಲು ಕನ್ನಡಕ್ಕೆ ಶಕ್ತಿಯಿದೆ. ಓದುಗರಲ್ಲಿ ಇನ್ನೂ ಒಂದು: ಯುರಿ ಕಥೆಗಳನ್ನು ನೋಡಬೇಕೆಂಬವರು ‘ಯಗತೆ ಕಿಮಿ ನಿ ನಾರು’ವಿನಿಂದಲೇ ಆರಂಭಿಸಿ. ಹದಿಮೂರೇ ಕಂತುಗಳಿವೆ, ಮಳೆ ಹಿಡಿದ ಎರಡು ಸಂಜೆಗಳಿಗೆ ಸಾಕು.