ಕುದಿಸಿದರೂ ಸಾಯದ ಬೀಜಾಣು: ಜಾಲ್ನಾ ಹತ್ತಿ, ನಾಶಿಕ್ ದ್ರಾಕ್ಷಿ

ಬೇಸಿಗೆಯಲ್ಲಿ ಛತ್ರಪತಿ ಸಂಭಾಜಿನಗರದ (ಹಿಂದಿನ ಔರಂಗಾಬಾದ್) ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿನ ಯಾವುದಾದರೂ ಗೊಬ್ಬರದಂಗಡಿಯ ತಗಡಿನ ಛಾವಣಿಯಡಿ ಬ್ಯಾಕ್ಟೀರಿಯಾ ಗೊಬ್ಬರದ ಎರಡು ಪೊಟ್ಟಣ ಇಡಿ, ಒಂದು ರೈಜೋಬಿಯಂ, ಇನ್ನೊಂದು ಬ್ಯಾಸಿಲಸ್. ಮುಂಗಾರಿನ ಹೊತ್ತಿಗೆ ಮೊದಲನೆಯದರಲ್ಲಿ ಜೀವ ಉಳಿದಿರುವುದು ಕಷ್ಟ. ಎರಡನೆಯದು ಬಹುಪಾಲು ಹಾಗೇ ಇರುತ್ತದೆ. ಮಣ್ಣಿನ ಅಸಂಖ್ಯ ಬ್ಯಾಕ್ಟೀರಿಯಾಗಳ ನಡುವೆ ಬ್ಯಾಸಿಲಸ್ ಮಾರುಕಟ್ಟೆ ಹಿಡಿದದ್ದು ಹೀಗೆ. ಉಳಿದವಕ್ಕಿಂತ ಅದು ಹೆಚ್ಚು ದುಡಿಯುತ್ತದೆ ಅಂತಲ್ಲ, ಹೆಚ್ಚು ಕಾಯಬಲ್ಲದು.

ಆಹಾರ ಮುಗಿಯಿತು ಎಂದಾಗ ಕೋಲಿನಾಕಾರದ ಈ ಕೋಶ ತನ್ನೊಳಗೇ ಪುಟ್ಟದೊಂದು ಕೋಶ ಕಟ್ಟುತ್ತದೆ. ವಂಶವಾಹಿಯ ಒಂದು ಪ್ರತಿಯನ್ನು ಅದರಲ್ಲಿ ಇಟ್ಟು, ನೀರಿನಂಶ ಹಿಂಡಿ ತೆಗೆದು, ಕ್ಯಾಲ್ಸಿಯಂ ಮತ್ತು ಡೈಪಿಕೊಲಿನಿಕ್ ಆಮ್ಲ ತುಂಬಿ, ಸುತ್ತ ಪ್ರೋಟೀನಿನ ಪದರ ಹೊದಿಸುತ್ತದೆ. ತಾಯಿಕೋಶ ಒಡೆದು ಸಾಯುತ್ತದೆ, ಬೀಜಾಣು ಉಳಿಯುತ್ತದೆ. ತೇವ, ಆಹಾರ ಸಿಕ್ಕ ದಿನ ಮತ್ತೆ ಎಚ್ಚರ.

ಜರ್ಮನಿಯ ಎಹ್ರೆನ್‌ಬರ್ಗ್ 1835ರಲ್ಲಿ ಗುರುತಿಸಿದ್ದ ಜೀವಿಗೆ ಫರ್ಡಿನಂಡ್ ಕೋನ್ 1872ರಲ್ಲಿ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಹೆಸರು ಕೊಟ್ಟ. ಒಣಹುಲ್ಲು ನೆನೆಸಿದ ನೀರನ್ನು ಕುದಿಸಿ ಮುಚ್ಚಿಟ್ಟರೂ ಅದರಲ್ಲಿ ಜೀವಿಗಳು ಕಾಣಿಸಿಕೊಳ್ಳುತ್ತಿದ್ದವು. ಜೀವ ತಾನಾಗಿ ಹುಟ್ಟುತ್ತದೆ ಎನ್ನುವವರಿಗೆ ಅದೇ ದೊಡ್ಡ ಸಾಕ್ಷಿ. ಕುದಿಯುವ ನೀರಲ್ಲೂ ಬೀಜಾಣು ಬದುಕುತ್ತದೆ ಎಂದು 1876ರಲ್ಲಿ ಕೋನ್ ತೋರಿಸಿದ ಮೇಲೆ ಆ ಸಾಕ್ಷಿ ಬಿತ್ತು. ಅದೇ ವರ್ಷ ರಾಬರ್ಟ್ ಕಾಖ್, ದನಗಳನ್ನು ಕೊಲ್ಲುವ ಅಂಥ್ರಾಕ್ಸ್ ರೋಗಕ್ಕೆ ಇದೇ ಕುಲದ ಜೀವಿ ಕಾರಣವೆಂದು ಸಾಬೀತುಪಡಿಸಿದ. ಇಂದಿಗೂ ಆಸ್ಪತ್ರೆಯ ಆಟೋಕ್ಲೇವ್ 121 ಡಿಗ್ರಿಗೆ ಏರುವುದು ಮುಖ್ಯವಾಗಿ ಬೀಜಾಣುಗಳ ದೆಸೆಯಿಂದ.

ಹೊಲಕ್ಕೆ ಬಂದ ಮೊದಲ ಪ್ರಯತ್ನ ಸೋತಿತು. 1897ರಲ್ಲಿ ಬೇಯರ್ ಕಂಪನಿ ‘ಅಲಿನಿಟ್’ ಹೆಸರಲ್ಲಿ ಬ್ಯಾಸಿಲಸ್ ಗೊಬ್ಬರ ಮಾರಿತು. ಹೇಳಿದಷ್ಟು ಇಳುವರಿ ಬರಲಿಲ್ಲ. ಆಮೇಲೆ ಸೋವಿಯತ್ ಒಕ್ಕೂಟದಲ್ಲಿ, ರಂಜಕ ಕರಗಿಸುತ್ತದೆಂದು ಬ್ಯಾಸಿಲಸ್ ಮೆಗಟೇರಿಯಂ ಅನ್ನು ದೊಡ್ಡ ಪ್ರಮಾಣದಲ್ಲಿ ಬಿತ್ತನೆಗೆ ಬಳಸಿದರು. ಅದರ ಸಂತತಿಯೇ ಇಂದು ನಮ್ಮಲ್ಲಿ ಪಿಎಸ್‌ಬಿ (ರಂಜಕ ಕರಗಿಸುವ ಬ್ಯಾಕ್ಟೀರಿಯಾ) ಎಂದು ಸಿಗುವ ಪೊಟ್ಟಣ. ಒಂದು ಮಣ್ಣಲ್ಲಿ ಫಲ, ಪಕ್ಕದ ಮಣ್ಣಲ್ಲಿ ಶೂನ್ಯ: ಈ ಅಸ್ಥಿರತೆ ನೂರಿಪ್ಪತ್ತು ವರ್ಷ ಕಳೆದರೂ ಪೂರ್ತಿ ಹೋಗಿಲ್ಲ.

ನಿಜವಾದ ಗೆಲುವು ಬಂದದ್ದು ಕೀಟದ ಕಡೆಯಿಂದ. 1901ರಲ್ಲಿ ಜಪಾನಿನ ಇಶಿವಾತ, ರೇಷ್ಮೆಹುಳು ಸಾಯಿಸುವ ಬ್ಯಾಕ್ಟೀರಿಯ ಕಂಡ. ಜರ್ಮನಿಯ ಥುರಿಂಜಿಯಾದಲ್ಲಿ ಹಿಟ್ಟಿನ ಪತಂಗದ ಹುಳುವಿನಿಂದ ಅದನ್ನೇ ಬೇರ್ಪಡಿಸಿದ ಬರ್ಲಿನರ್ 1915ರಲ್ಲಿ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂದು ಹೆಸರಿಟ್ಟ, ಅದೇ ಬಿಟಿ. ಬೀಜಾಣು ಕಟ್ಟುವಾಗ ಇದು ಪಕ್ಕದಲ್ಲೇ ಒಂದು ಪ್ರೋಟೀನ್ ಹರಳು ಮಾಡಿಡುತ್ತದೆ. ಕಾಯಿಕೊರಕದ ಕ್ಷಾರಭರಿತ ಕರುಳಲ್ಲಿ ಹರಳು ಕರಗಿ ಕರುಳಗೋಡೆಗೆ ತೂತು ಬೀಳುತ್ತದೆ. 1938ರಲ್ಲೇ ಫ್ರಾನ್ಸಿನಲ್ಲಿ ‘ಸ್ಪೊರೀನ್’ ಹೆಸರಿನಲ್ಲಿ ಅದರ ಪುಡಿ ಮಾರಾಟಕ್ಕೆ ಬಂತು. ಬಿಸಿಲಿಗೆ ಕೆಲವೇ ದಿನದಲ್ಲಿ ಅದರ ವಿಷ ಹಾಳಾಗುತ್ತಿತ್ತು, ಮತ್ತೆ ಮತ್ತೆ ಸಿಂಪಡಿಸಬೇಕಿತ್ತು. ವ್ಯಾಪಾರಿಗೆ ಅದು ಕೊರತೆ. ನನ್ನ ದೃಷ್ಟಿಯಲ್ಲಿ ಅದು ಗುಣ.

1981ರಲ್ಲಿ ಹರಳಿನ ಜೀನು ಬೇರ್ಪಟ್ಟಿತು, ಕೆಲವೇ ವರ್ಷಗಳಲ್ಲಿ ಗಿಡದೊಳಗೆ ಸೇರಿತು. ಇಲ್ಲಿಂದ ಕತೆ ಮರಾಠವಾಡಕ್ಕೆ ಬರುತ್ತದೆ. ಸಂಭಾಜಿನಗರದಿಂದ ಸುಮಾರು 60 ಕಿ.ಮೀ. ದೂರದ ಜಾಲ್ನಾ 1981ರವರೆಗೆ ಔರಂಗಾಬಾದ್ ಜಿಲ್ಲೆಯಲ್ಲೇ ಇತ್ತು. ಅಲ್ಲಿ 1964ರಲ್ಲಿ ಬದ್ರಿನಾರಾಯಣ ಬಾರ್ವಾಲೆ ಕಟ್ಟಿದ ಮಹಿಕೋ ಬೀಜ ಕಂಪನಿ, ಮಾನ್ಸಾಂಟೊ ಜೊತೆ ಕೈಜೋಡಿಸಿ ಬಿಟಿ ಹತ್ತಿ ತಂದಿತು. 1998ರಲ್ಲಿ ಅದರ ಪ್ರಯೋಗದ ತಾಕುಗಳನ್ನು ಪ್ರೊ. ನಂಜುಂಡಸ್ವಾಮಿಯವರ ರೈತಸಂಘ ರಾಯಚೂರು, ಬಳ್ಳಾರಿ ಕಡೆ ಕಿತ್ತು ಸುಟ್ಟದ್ದು ನಮ್ಮವರಿಗೆ ನೆನಪಿದ್ದೀತು. 2002ರ ಮಾರ್ಚ್ 26ರಂದು ಅನುಮತಿ ಸಿಕ್ಕಿತು. 2006ರಲ್ಲಿ ಎರಡು ಜೀನಿನ ತಳಿಯೂ ಬಂತು.

ಹಸಿರು ಕಾಯಿಕೊರಕ ನಿಜಕ್ಕೂ ಹಿಡಿತಕ್ಕೆ ಬಂತು, ಅದನ್ನು ಅಲ್ಲಗಳೆಯಲಾಗದು. ಆದರೆ ಗಿಡದಲ್ಲಿ ವಿಷ ಹಂಗಾಮಿನುದ್ದಕ್ಕೂ ಇರುವುದರಿಂದ, ತಾಳಿಕೊಂಡ ಹುಳುವಿಗೆ ಮಾತ್ರ ಸಂತಾನಭಾಗ್ಯ. ಇದನ್ನು ತಡೆಯಲೆಂದು 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜವನ್ನೂ ಕೊಡುತ್ತಿದ್ದರು. ಅದನ್ನು ಬಿತ್ತಿದವರು ಬಹಳ ಕಡಿಮೆ. ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲ ಜೀನಿಗೆ ನಿರೋಧ ಬೆಳೆಸಿಕೊಂಡದ್ದು 2010ರಲ್ಲಿ ಬಹಿರಂಗವಾಯಿತು, ಕ್ರಮೇಣ ಎರಡನೆಯದೂ ಸೋತಿತು. ಸಿಂಪಡಣೆಯ ಬಿಟಿಗೂ ಹವಾಯಿಯ ಎಲೆಕೋಸಿನ ಹುಳು ನಿರೋಧ ಬೆಳೆಸಿತ್ತು ನಿಜ. ಆದರೆ ಇಷ್ಟು ವಿಸ್ತಾರದ ಸೋಲು ಅದಕ್ಕೆ ಬಂದಿಲ್ಲ. ಬಿಟಿ ಹತ್ತಿಗೇ ನಿಲ್ಲಲಿಲ್ಲ: ಮಹಿಕೋ ಕಂಪನಿಯ ಜೀನನ್ನು ಧಾರವಾಡ ಕೃಷಿ ವಿಶ್ವವಿದ್ಯಾಲಯ ಊರ ಬದನೆ ತಳಿಗಳಿಗೆ ಸೇರಿಸಿತ್ತು. 2010ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿದರು. ಬಾಂಗ್ಲಾದೇಶ 2013ರಲ್ಲಿ ಒಪ್ಪಿಕೊಂಡಿತು.

ನಾಶಿಕ್‌ನಲ್ಲಿ ಬ್ಯಾಸಿಲಸ್‌ನ ಪಾತ್ರವೇ ಬೇರೆ. ಅಲ್ಲಿನ ದ್ರಾಕ್ಷಿ ಯುರೋಪಿಗೆ ಹೋಗುತ್ತದೆ. ಹಣ್ಣಿನಲ್ಲಿ ಔಷಧಿಯ ಶೇಷ ಉಳಿದರೆ ಮಾಲು ವಾಪಸ್. 2010ರಲ್ಲಿ ಬೆಳವಣಿಗೆ ನಿಯಂತ್ರಕವಾದ ಕ್ಲೋರ್‌ಮೆಕ್ವಾಟ್‌ನ ಶೇಷ ಸಿಕ್ಕಿ ರಫ್ತಿಗೆ ದೊಡ್ಡ ಪೆಟ್ಟು ಬಿತ್ತು. ಅಕ್ಟೋಬರ್ ಚಾಟನಿ ಮುಗಿದ ಮೇಲೆ ಡೌನಿ, ಬೂದಿ ರೋಗಗಳಿಗೆ ಔಷಧಿ ಹೊಡೆಯದೆ ಗತಿಯಿಲ್ಲ, ಕೊಯ್ಲು ಸಮೀಪಿಸಿದಾಗ ಹೊಡೆಯುವಂತಿಲ್ಲ. ಆ ಇಕ್ಕಟ್ಟಿನ ವಾರಗಳಲ್ಲಿ ಬ್ಯಾಸಿಲಸ್ ಸಬ್ಟಿಲಿಸ್ ಉಪಯೋಗಕ್ಕೆ ಬರುತ್ತದೆ: ಎಲೆಯ ಮೇಲೆ ಜಾಗ ಹಿಡಿದು, ಶಿಲೀಂಧ್ರದ ಪೊರೆ ಒಡೆಯುವ ಲಿಪೊಪೆಪ್ಟೈಡ್‌ಗಳನ್ನು ಸ್ರವಿಸುತ್ತದೆ. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಇನ್ನೂ ಮುಂದೆ ಹೋಗಿ, ದ್ರಾಕ್ಷಿಯ ಮೇಲಿನ ಕೀಟನಾಶಕದ ಶೇಷವನ್ನೇ ಬೇಗ ಒಡೆಯಬಲ್ಲ ಡಿಆರ್-39ರಂಥ ಬ್ಯಾಸಿಲಸ್ ತಳಿಗಳನ್ನು ಗುರುತಿಸಿತು. ವಿಜಯಪುರದ ತಿಕೋಟಾ ಕಡೆಯ ಬೆಳೆಗಾರರು ಗಮನಿಸಬೇಕಾದ ಕೆಲಸವಿದು. ರೋಗ ವಿಪರೀತವಾದ ಮೇಲೆ ಬ್ಯಾಸಿಲಸ್ ಹೊಡೆದರೆ ಫಲವಿಲ್ಲ ಎನ್ನುವುದೂ ಗೊತ್ತಿರಲಿ.

ಕಾರ್ಖಾನೆಯಲ್ಲಿ ಈ ಕುಲ ಹೊಲದಷ್ಟು ಸತಾಯಿಸಲಿಲ್ಲ. ಬಟ್ಟೆ ಸೋಪಿನ ಪುಡಿಯಲ್ಲಿ ರಕ್ತ, ಬೆವರಿನ ಕಲೆ ತೆಗೆಯುವ ಸಬ್ಟಿಲಿಸಿನ್, ಪಿಷ್ಟ ಒಡೆಯುವ ಅಮೈಲೇಸ್, ಎರಡೂ ಬ್ಯಾಸಿಲಸ್‌ನವೇ. ಸೋಪಿನ ನೀರು ಕ್ಷಾರ, ಹಾಗಾಗಿ ಕ್ಷಾರದಲ್ಲೇ ಬದುಕುವ ತಳಿಗಳಿಗೆ ಬೆಲೆ. ಸಂಭಾಜಿನಗರದಿಂದ ಪೂರ್ವಕ್ಕೆ, ಬುಲ್ಢಾಣಾ ಜಿಲ್ಲೆಯಲ್ಲಿ, ಉಲ್ಕೆ ಬಿದ್ದು ಆದ ಲೋಣಾರ್ ಸರೋವರದ ನೀರು ಅಂಥದೇ. ಮಹಾರಾಷ್ಟ್ರದ ಪ್ರಯೋಗಾಲಯಗಳು ಅಲ್ಲಿಂದ ಇಂಥ ಬ್ಯಾಸಿಲಸ್‌ಗಳನ್ನು ಬೇರ್ಪಡಿಸಿವೆ. 1997ರಲ್ಲಿ ಸಬ್ಟಿಲಿಸ್‌ನ ಸುಮಾರು 42 ಲಕ್ಷ ಅಕ್ಷರಗಳ ಜೀನೋಮ್ ಪೂರ್ತಿ ಪ್ರಕಟವಾದ ಮೇಲೆ ಕಾರ್ಖಾನೆಯ ಕೈ ಇನ್ನಷ್ಟು ಬಲವಾಯಿತು.

ಮತ್ತೆ ಗೊಬ್ಬರದಂಗಡಿಗೆ ಬರೋಣ. 2006ರಲ್ಲಿ ಜೈವಿಕ ಗೊಬ್ಬರಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದಡಿ ತಂದ ಸರ್ಕಾರ, ಪಿಎಸ್‌ಬಿ ಪುಡಿಯ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶ ಇರಬೇಕೆಂದು ನಿಗದಿ ಮಾಡಿತು. ಅಂಗಡಿಯ ಪರಿಚಯ ಎಷ್ಟೇ ಹಳೆಯದಿರಲಿ, ಜೀವಿಯ ಹೆಸರು, ಕೋಶಗಳ ಸಂಖ್ಯೆ, ತಯಾರಿಯ ದಿನಾಂಕ ನಮೂದಿಸದ ಪೊಟ್ಟಣವನ್ನು ರೈತರು ಕೊಳ್ಳಬಾರದು.